ಐವತ್ತು ದಾಟಿದ ಡೀಸೆಲ್ ಎಂಜಿನ್ ಇನ್ನೂ ಕಲ್ಲಿದ್ದಲು ಎಳೆಯುವುದು ಹೇಗೆ?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪೂರ್ವ ಭಾಗದಲ್ಲಿ ಕಲ್ಲಿದ್ದಲಿಗೂ 'ಅಕ್ಕಿ' ಎಂಬ ಹೆಸರಿದೆ. ಅದಕ್ಕಿಂತ ಸಣ್ಣದು 'ಬಾರ್ಲಿ', ದೊಡ್ಡದು 'ಬಟಾಣಿ', ಇನ್ನೂ ದೊಡ್ಡದು 'ಮೊಟ್ಟೆ'. ಗಣಿಯಿಂದ ಬಂದ ಕಲ್ಲಿದ್ದಲನ್ನು ಒಡೆದು, ತೊಳೆದು, ಜರಡಿ ಹಿಡಿದು, ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿದಾಗ ಇಟ್ಟುಕೊಂಡ ಹೆಸರುಗಳಿವು. ಇದು ನಮ್ಮ ಸಿಂಗರೇಣಿಯ ಕಲ್ಲಿದ್ದಲಿನಂಥದಲ್ಲ. ಆಂಥ್ರಸೈಟ್ ಎನ್ನುವ ಗಟ್ಟಿ ಜಾತಿ. ಒಡೆದ ಮೈಯಲ್ಲಿ ಗಾಜಿನ ಹೊಳಪು, ಕೈಗೆ ಮಸಿ ಹತ್ತುವುದೂ ಕಡಿಮೆ, ಉರಿದರೆ ಹೊಗೆಯೇ ಇಲ್ಲವೆನ್ನುವಷ್ಟು ಕಡಿಮೆ. ಹಿಂದೆ ನ್ಯೂಯಾರ್ಕ್, ಫಿಲಡೆಲ್ಫಿಯಾದ ಮನೆಗಳು ಚಳಿಗಾಲ ಕಳೆದದ್ದು ಇದರ ಬೆಂಕಿಯಲ್ಲಿ. ಇವತ್ತು ಉಕ್ಕಿನ ಕಾರ್ಖಾನೆಗಳು, ನೀರು ಶುದ್ಧೀಕರಣ ಘಟಕಗಳು, ಇನ್ನೂ ಹಳೇ ಒಲೆ ಇಟ್ಟುಕೊಂಡಿರುವ ಮನೆಗಳು ಇದನ್ನು ಕೊಳ್ಳುತ್ತವೆ.

ಈ ಕಲ್ಲಿದ್ದಲನ್ನು ಗಣಿಯಿಂದ ಹೊರಗೆ ಸಾಗಿಸುವ ರೈಲು ಕಂಪನಿಗಳಲ್ಲಿ ಮುಖ್ಯವಾದದ್ದು ರೀಡಿಂಗ್ ಅಂಡ್ ನಾರ್ದರ್ನ್. ಅದರ ಗೂಡ್ಸ್ ಗಾಡಿಗಳ ಮುಂದೆ ಈಗಲೂ ಎಸ್‌ಡಿ40-2 ಎಂಬ ಎಂಜಿನ್ ಕಾಣುತ್ತದೆ. 1972ರಲ್ಲಿ ಬಂದ ಮಾದರಿ ಅದು. ಅಲ್ಲಿಂದ ಉತ್ತರಕ್ಕೆ ಸ್ಕ್ರ್ಯಾಂಟನ್ ಊರಿನ ಡೆಲವೇರ್-ಲ್ಯಾಕವಾನಾ ಎಂಬ ಇನ್ನೊಂದು ಪುಟ್ಟ ಕಂಪನಿಯ ಶೆಡ್ಡಿನಲ್ಲಿ ಇರುವುದು ಬಹುತೇಕ ಆಲ್ಕೋ ಎಂಜಿನ್‌ಗಳು. ಆಲ್ಕೋ 1969ರಲ್ಲೇ ರೈಲು ಎಂಜಿನ್ ತಯಾರಿಕೆ ನಿಲ್ಲಿಸಿದ ಕಂಪನಿ. ಐವತ್ತು, ಅರವತ್ತು ವರ್ಷದ ಯಂತ್ರ ಸಾವಿರಾರು ಟನ್ ಹೊತ್ತ ಗಾಡಿಯನ್ನು ಬೆಟ್ಟ ಹತ್ತಿಸುತ್ತಿದೆ ಎಂದರೆ ಅದನ್ನು ಹಳೇ ವಸ್ತುಗಳ ಮೇಲಿನ ಮಮಕಾರ ಎಂದುಕೊಳ್ಳುವವರೇ ಹೆಚ್ಚು. ಮಮಕಾರವೂ ಇದೆ, ನನಗಂತೂ ಬೇಕಾದಷ್ಟಿದೆ. ಆದರೆ ಮಮಕಾರದಿಂದ ಸಂಬಳ ಕೊಡಲಾಗುವುದಿಲ್ಲ. ಈ ಎಂಜಿನ್‌ಗಳು ಉಳಿದಿರುವುದು ಲೆಕ್ಕ ಸರಿಹೋಗುವುದರಿಂದ. ಆ ಲೆಕ್ಕವನ್ನು ಬಿಡಿಸಿ ನೋಡೋಣ.

ಮೊದಲು ಈ ಪುಟ್ಟ ರೈಲು ಕಂಪನಿಗಳು ಹುಟ್ಟಿದ್ದು ಹೇಗೆ ಎಂಬುದು. ಆಂಥ್ರಸೈಟ್ ಉತ್ಪಾದನೆ ತುತ್ತತುದಿ ಮುಟ್ಟಿದ್ದು 1917ರಲ್ಲಿ, ಸುಮಾರು 10 ಕೋಟಿ ಟನ್. ಆಮೇಲೆ ಮನೆಗಳಿಗೆ ಎಣ್ಣೆ ಬಂತು, ಗ್ಯಾಸ್ ಬಂತು, ಕಲ್ಲಿದ್ದಲು ಇಳಿಮುಖವಾಯಿತು. 1959ರ ಜನವರಿಯಲ್ಲಿ ಪಿಟ್ಸ್‌ಟನ್ ಬಳಿ ಸಸ್ಕ್ವೆಹಾನಾ ನದಿ ತಳ ಒಡೆದು ನಾಕ್ಸ್ ಗಣಿಗೆ ನುಗ್ಗಿ 12 ಮಂದಿ ಸತ್ತರು. ಉತ್ತರ ಭಾಗದ ಆಳದ ಗಣಿಗಾರಿಕೆ ಅಲ್ಲಿಗೆ ಮುಗಿದಂತೆಯೇ ಆಯಿತು. ಕಲ್ಲಿದ್ದಲನ್ನೇ ನೆಚ್ಚಿಕೊಂಡಿದ್ದ ರೈಲು ಕಂಪನಿಗಳು ಸಾಲಾಗಿ ದಿವಾಳಿಯೆದ್ದವು: 1970ರಲ್ಲಿ ಲೀಹೈ ವ್ಯಾಲಿ, 1971ರಲ್ಲಿ ರೀಡಿಂಗ್, 1972ರಲ್ಲಿ ಈರೀ ಲ್ಯಾಕವಾನಾ. ಅವುಗಳ ಹಳಿಗಳಲ್ಲಿ ಬಹುಪಾಲನ್ನು ಒಟ್ಟುಮಾಡಿ 1976ರಲ್ಲಿ ಸರ್ಕಾರದ ಬೆಂಬಲದಿಂದ ಕಾನ್‌ರೇಲ್ ಶುರುವಾಯಿತು. 1980ರಲ್ಲಿ ಸ್ಟ್ಯಾಗರ್ಸ್ ಕಾಯ್ದೆ ಬಂದು ರೈಲು ಉದ್ಯಮದ ಮೇಲಿನ ನಿಯಂತ್ರಣ ಸಡಿಲವಾದಾಗ, ದೊಡ್ಡ ಕಂಪನಿಗಳು ಲಾಭ ತರದ ಕವಲು ಮಾರ್ಗಗಳನ್ನು ಸ್ಥಳೀಯರಿಗೆ ಮಾರತೊಡಗಿದವು. 1983ರಲ್ಲಿ ಪುಟ್ಟದಾಗಿ ಶುರುವಾಗಿದ್ದ ರೀಡಿಂಗ್ ಅಂಡ್ ನಾರ್ದರ್ನ್, 1990ರಲ್ಲಿ ಕಾನ್‌ರೇಲ್‌ನಿಂದ ಗಣಿ ಪ್ರದೇಶದ ಹಳಿಗಳನ್ನು ಕೊಂಡು ಬೆಳೆಯಿತು. ಈಗ ಅದರ ಜಾಲ 400 ಮೈಲಿ ದಾಟಿದೆ, ಕಚೇರಿ ಪೋರ್ಟ್ ಕ್ಲಿಂಟನ್ ಎಂಬ ಸಣ್ಣ ಊರಿನಲ್ಲಿದೆ. ದೊಡ್ಡವರು ಬಿಟ್ಟುಹೋದ ಹಳಿಯ ಮೇಲೆ, ದೊಡ್ಡವರು ಮಾರಿದ ಎಂಜಿನ್ ಇಟ್ಟುಕೊಂಡು ಬದುಕು ಕಟ್ಟಿಕೊಂಡವರು ಇವರು.

ಈಗ ಎಳೆಯುವ ಮಾತು. ಎಂಜಿನ್ ಎಂದ ಕೂಡಲೇ ನಾವು ಅಶ್ವಶಕ್ತಿ ಎಷ್ಟು ಎಂದು ಕೇಳುತ್ತೇವೆ. ಬೆಟ್ಟ ಹತ್ತುವ ಕಲ್ಲಿದ್ದಲು ಗಾಡಿಯ ಮಟ್ಟಿಗೆ ಅದು ಎರಡನೇ ಪ್ರಶ್ನೆ. ಡೀಸೆಲ್ ರೈಲು ಎಂಜಿನ್ ಎಂದರೆ ನಿಜಕ್ಕೂ ಚಕ್ರದ ಮೇಲೆ ಕೂತ ಒಂದು ವಿದ್ಯುತ್ ಉತ್ಪಾದನಾ ಘಟಕ. ಒಳಗಿನ ಡೀಸೆಲ್ ಯಂತ್ರ ಚಕ್ರವನ್ನು ನೇರವಾಗಿ ತಿರುಗಿಸುವುದಿಲ್ಲ. ಅದು ಜನರೇಟರನ್ನು ತಿರುಗಿಸುತ್ತದೆ. ಅಲ್ಲಿ ಹುಟ್ಟಿದ ಕರೆಂಟು ಕೇಬಲ್ಲಿನಲ್ಲಿ ಹರಿದು, ಒಂದೊಂದು ಅಚ್ಚಿಗೂ ತಗುಲಿಕೊಂಡಿರುವ ಮೋಟರನ್ನು ತಿರುಗಿಸುತ್ತದೆ. ಎಸ್‌ಡಿ40-2ಕ್ಕೆ ಆರು ಅಚ್ಚು, ಆರು ಮೋಟರು, 3,000 ಅಶ್ವಶಕ್ತಿ, ತೂಕ ಸುಮಾರು 167 ಟನ್.

ಶಕ್ತಿ ಎಂದರೆ ಎಳೆತ ಗುಣಿಸು ವೇಗ. ವೇಗ ಕಡಿಮೆಯಾದಂತೆ ಅಷ್ಟೇ ಅಶ್ವಶಕ್ತಿಯಲ್ಲಿ ಹೆಚ್ಚು ಎಳೆತ ಸಿಗುತ್ತದೆ. ಹಾಗೆಂದು ಎಷ್ಟು ನಿಧಾನ ಬೇಕಾದರೂ ಹೋಗುವಂತಿಲ್ಲ, ಎರಡು ಮಿತಿಗಳಿವೆ. ಒಂದು, ಉಕ್ಕಿನ ಚಕ್ರ ಉಕ್ಕಿನ ಹಳಿಯನ್ನು ಕಚ್ಚಿಹಿಡಿಯುವ ಬಿಗಿ. ಒಣ ಹಳಿಯಾದರೆ ಎಂಜಿನ್ ತೂಕದ ಕಾಲು ಭಾಗದಷ್ಟು ಎಳೆತವನ್ನು ಅದು ತಾಳಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಿಗೆ ಎಳೆಯಲು ಹೋದರೆ ಚಕ್ರ ಇದ್ದಲ್ಲೇ ಗಿರ್ರನೆ ಸುತ್ತುತ್ತದೆ. ಎರಡು, ಮೋಟರಿನ ಬಿಸಿ. ವೇಗ ಇಳಿದಷ್ಟೂ ಮೋಟರು ಹೆಚ್ಚು ಕರೆಂಟು ಕುಡಿಯುತ್ತದೆ, ಕರೆಂಟು ಹೆಚ್ಚಿದಷ್ಟೂ ತಂತಿ ಸುರುಳಿ ಕಾಯುತ್ತದೆ. ಎಸ್‌ಡಿ40-2 ತನ್ನ ಮೋಟರು ಸುಡದಂತೆ ಗಂಟೆಗಟ್ಟಲೆ ತಡೆದುಕೊಳ್ಳಬಲ್ಲ ಕನಿಷ್ಠ ವೇಗ ಗಂಟೆಗೆ ಸುಮಾರು 18 ಕಿಲೋಮೀಟರ್. ಆ ವೇಗದಲ್ಲಿ ಅದರ ಎಳೆತ ಸುಮಾರು 37 ಟನ್.

ಈ 37 ಟನ್ನಿನಿಂದ ಏನು ಮಾಡಬಹುದು? ಸಮತಟ್ಟಾದ ಹಳಿಯಲ್ಲಿ ಗಾಡಿಯ ಪ್ರತಿ ಟನ್ ತೂಕಕ್ಕೆ ಬೇಕಾಗುವ ಎಳೆತ ಅಂದಾಜು 2 ಕೆ.ಜಿ. ಮಾತ್ರ. ರೈಲಿನ ಸೋಜಿಗವೇ ಅದು. ನೂರು ಅಡಿಗೆ ಒಂದು ಅಡಿ ಏರು ಬಂತೆಂದರೆ ಅದಕ್ಕೆ 10 ಕೆ.ಜಿ. ಸೇರುತ್ತದೆ, ಒಟ್ಟು 12. ಅಂದರೆ ಕಣ್ಣಿಗೆ ಏರು ಎಂದೇ ಕಾಣದ ಜಾಗದಲ್ಲಿ ಗಾಡಿ ಆರು ಪಟ್ಟು ಭಾರವಾಗುತ್ತದೆ. ತುಂಬಿದ ಒಂದು ಅಮೆರಿಕನ್ ಕಲ್ಲಿದ್ದಲು ವ್ಯಾಗನ್ ತೂಕ 130 ಟನ್ನಿನಷ್ಟು. ಸಮತಟ್ಟಿನಲ್ಲಿ ಇಂಥ ನೂರಕ್ಕೂ ಮಿಕ್ಕಿ ವ್ಯಾಗನ್ ಎಳೆಯುವ ಒಂದು ಎಸ್‌ಡಿ40-2, ಈ ಏರಿನಲ್ಲಿ 22ಕ್ಕೆ ನಿಲ್ಲುತ್ತದೆ. ಏರು ನೂರಕ್ಕೆ ಎರಡಾದರೆ 11 ವ್ಯಾಗನ್. ನಮ್ಮ ಕ್ಯಾಸಲ್‌ರಾಕ್ ಕೆಳಗಿನ ಬ್ರಗಾಂಝಾ ಘಾಟಿನ 37ಕ್ಕೆ 1ರ ಏರಿಗೆ ಇದೇ ಲೆಕ್ಕ ಹಾಕಿದರೆ 8. ಮೊರ್ಮುಗೋವಾ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ತರುವ ಗಾಡಿಗಳಿಗೆ ಕುಳೆಂನಲ್ಲಿ ಹಿಂದಿನಿಂದ ಬ್ಯಾಂಕರ್ ಎಂಜಿನ್ ಕೊಟ್ಟು ತಳ್ಳಿಸುವುದು ಯಾಕೆಂದು ಈ ಒಂದು ಅಂಕಿಯಿಂದಲೇ ತಿಳಿಯುತ್ತದೆ.

ಈಗ ಪುಟ್ಟ ಕಂಪನಿಯ ಪರಿಸ್ಥಿತಿ ನೋಡಿ. ಅಮೆರಿಕದಲ್ಲಿ ಹಳಿಯ ಗುಣಮಟ್ಟಕ್ಕೆ ದರ್ಜೆಗಳಿವೆ. ಒಂದನೇ ದರ್ಜೆಯ ಹಳಿಯಲ್ಲಿ ಗೂಡ್ಸ್ ಗಾಡಿ ಗಂಟೆಗೆ 10 ಮೈಲಿ ಮೀರುವಂತಿಲ್ಲ, ಎರಡನೇ ದರ್ಜೆಯಲ್ಲಿ 25 ಮೈಲಿ. ಕವಲು ಮಾರ್ಗಗಳಲ್ಲಿ ಬಹುಪಾಲು ಇಂಥವೇ. 40 ಕಿಲೋಮೀಟರ್ ವೇಗ ದಾಟಲಾಗದ ಹಳಿಯಲ್ಲಿ 4,400 ಅಶ್ವಶಕ್ತಿಯ ಹೊಸ ಎಂಜಿನ್ ತನ್ನ ಓಟ ತೋರಿಸುವುದಾದರೂ ಎಲ್ಲಿ? ಹೊಸದಕ್ಕೆ ನ್ಯಾಯ ಸಲ್ಲಬೇಕು: ಎಸಿ ಮೋಟರಿನ ಇವತ್ತಿನ ಎಂಜಿನ್ ನಿಧಾನ ವೇಗದಲ್ಲೂ ಹಳೆಯದರ ಹೆಚ್ಚುಕಡಿಮೆ ಎರಡರಷ್ಟು ಎಳೆಯುತ್ತದೆ, ಚಕ್ರ ಜಾರುವುದನ್ನು ಕಂಪ್ಯೂಟರಿನಿಂದ ಹಿಡಿದಿಡುತ್ತದೆ. ವರ್ಷವಿಡೀ ಹಗಲೂ ರಾತ್ರಿ ನೂರು ವ್ಯಾಗನ್ನಿನ ಗಾಡಿ ಓಡಿಸುವವರಿಗೆ ಅದೇ ಸರಿ. ಆದರೆ ಬೆಳಿಗ್ಗೆ ಖಾಲಿ ವ್ಯಾಗನ್ ಗಣಿಗೆ ಬಿಟ್ಟು, ಸಂಜೆ ತುಂಬಿದ ಮೂವತ್ತನ್ನು ತರುವ ಕೆಲಸಕ್ಕೆ ಎರಡು ಹಳೇ ಎಂಜಿನ್ ಜೋಡಿಸಿದರೆ 74 ಟನ್ ಎಳೆತ ಸಿಗುತ್ತದೆ, ನೂರಕ್ಕೆ ಒಂದರ ಏರಿನಲ್ಲಿ ಬೇಕಾಗಿರುವುದು ಐವತ್ತೊಂದು ಟನ್. ಕೆಲಸ ಆಯಿತು. ಮರುದಿನ ಗಾಡಿ ಸಣ್ಣದಾದರೆ ಎರಡನ್ನೂ ಬಿಡಿಸಿ ಬೇರೆ ಬೇರೆ ಊರಿಗೆ ಕಳಿಸಬಹುದು.

ಹಾಗೆ ಜೋಡಿಸುವುದಕ್ಕೆ ನೆರವಾಗುವ ಒಂದು ಸಣ್ಣ ವಸ್ತುವನ್ನು ಇಲ್ಲಿ ಹೇಳಲೇಬೇಕು. ಎರಡು ಎಂಜಿನ್‌ಗಳ ನಡುವೆ ಕೈತೋಳಿನ ದಪ್ಪದ ಒಂದು ಕೇಬಲ್ ತೂಗುತ್ತಿರುತ್ತದೆ, ಅದರ ತುದಿಯಲ್ಲಿ 27 ಪಿನ್. ಮುಂದಿನ ಎಂಜಿನ್ನಿನಲ್ಲಿ ಡ್ರೈವರ್ ಹಿಡಿ ಸರಿಸಿದರೆ ಆ ಸೂಚನೆ ಈ ಪಿನ್‌ಗಳ ಮೂಲಕ ಹಿಂದಿನ ಎಂಜಿನ್‌ಗಳಿಗೆ ಹೋಗುತ್ತದೆ. ಹಿಡಿಗೆ ಎಂಟು ನಾಚ್, ಅಂದರೆ ಹಂತ; ಎಲ್ಲ ಎಂಜಿನ್‌ಗಳೂ ಒಟ್ಟಿಗೆ ಒಂದೊಂದೇ ನಾಚ್ ಏರುತ್ತವೆ. ಉತ್ತರ ಅಮೆರಿಕದ ಕಂಪನಿಗಳೆಲ್ಲ ಈ ಪಿನ್‌ಗಳ ವ್ಯವಸ್ಥೆಯನ್ನು ಒಂದೇ ಬಗೆಯಲ್ಲಿ ಇಟ್ಟುಕೊಂಡವು. ಹಾಗಾಗಿ ಅರವತ್ತರ ದಶಕದ ಆಲ್ಕೋವನ್ನು ಈ ಶತಮಾನದ ಎಂಜಿನ್ನಿಗೆ ಕಟ್ಟಿದರೂ ಎರಡೂ ಒಂದೇ ಕೈಯ ಮಾತು ಕೇಳುತ್ತವೆ. ಹಳೆಯದನ್ನು ಉಳಿಸಿದ್ದರಲ್ಲಿ ಈ ಒಪ್ಪಂದದ ಪಾಲು ದೊಡ್ಡದು ಎಂದು ನನ್ನ ಎಣಿಕೆ.

ಕ್ಯಾಬಿನಲ್ಲಿ ಕೂತವರ ಕಣ್ಣು ಏರಿನಲ್ಲಿ ವೇಗದ ಮುಳ್ಳಿಗಿಂತ ಹೆಚ್ಚಾಗಿ ಇನ್ನೊಂದು ಮುಳ್ಳಿನ ಮೇಲಿರುತ್ತದೆ: ಮೋಟರಿಗೆ ಹೋಗುತ್ತಿರುವ ಕರೆಂಟು ತೋರಿಸುವ ಲೋಡ್ ಮೀಟರ್. ಮುಳ್ಳು ಹಸಿರಿನಲ್ಲಿದ್ದರೆ ನೆಮ್ಮದಿ. ಕೆಂಪಿಗೆ ಬಂದರೆ ನಿಮಿಷ ಎಣಿಸಬೇಕು, ಇಷ್ಟು ಕರೆಂಟಿಗೆ ಇಷ್ಟೇ ಹೊತ್ತು ಎಂಬ ಪಟ್ಟಿ ಕ್ಯಾಬಿನಲ್ಲೇ ಇರುತ್ತದೆ. ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ಬೆಟ್ಟಗಳ ಮರಗಳೆಲ್ಲ ಎಲೆ ಉದುರಿಸುತ್ತವೆ. ಚಕ್ರಕ್ಕೆ ಸಿಕ್ಕಿ ಅರೆದ ಎಲೆ ಹಳಿಗೆ ಸಾಬೂನು ಬಳಿದಂತೆ ಆಗುತ್ತದೆ. ಆಗ ಕಾಪಾಡುವುದು ಮರಳು. ಎಂಜಿನ್ನಿನ ಪೆಟ್ಟಿಗೆಯಿಂದ ಗಾಳಿಯ ಒತ್ತಡದಲ್ಲಿ ಕೊಳವೆಯ ಮೂಲಕ ಚಕ್ರದ ಬುಡಕ್ಕೇ ಬೀಳುವ ಒಣ ಮರಳು. ಸಾವಿರಾರು ಅಶ್ವಶಕ್ತಿಯ ಯಂತ್ರವೂ ಕೊನೆಗೆ ಹಿಡಿಯಷ್ಟು ಮರಳನ್ನು ನೆಚ್ಚಿಕೊಂಡು ಬೆಟ್ಟ ಹತ್ತುತ್ತದೆ.

ಹತ್ತಿದ್ದು ಇಳಿಯಲೇಬೇಕು. ತುಂಬಿದ ಗಾಡಿ ಇಳಿಜಾರಿನಲ್ಲಿ ಬರೀ ಬ್ರೇಕ್ ಬ್ಲಾಕ್‌ಗಳನ್ನು ಚಕ್ರಕ್ಕೆ ಒತ್ತಿಕೊಂಡೇ ಇಳಿದರೆ ಚಕ್ರ ಕೆಂಪಗೆ ಕಾಯುತ್ತದೆ. ಅದಕ್ಕಾಗಿ ಮೋಟರುಗಳನ್ನೇ ಉಲ್ಟಾ ಬಳಸುತ್ತಾರೆ. ಚಕ್ರ ಮೋಟರನ್ನು ತಿರುಗಿಸುತ್ತದೆ, ಮೋಟರು ಕರೆಂಟು ಹುಟ್ಟಿಸುತ್ತದೆ, ಆ ಕರೆಂಟು ಎಂಜಿನ್ನಿನ ಮೇಲ್ಭಾಗದ ಲೋಹದ ಪಟ್ಟಿಗಳಲ್ಲಿ ಹರಿದು ಶಾಖವಾಗಿ ಗಾಳಿಗೆ ಸೇರುತ್ತದೆ. ಇಳಿಯುವ ಕಲ್ಲಿದ್ದಲು ಗಾಡಿಯಿಂದ ಕೇಳುವ ಊಳಿಡುವಂಥ ಸದ್ದು ಆ ಪಟ್ಟಿಗಳನ್ನು ತಣಿಸುವ ಫ್ಯಾನಿನದು.

ಹಳೇ ಎಂಜಿನ್ ಎಳೆಯಬಲ್ಲದು ಎಂಬುದೇನೋ ಸರಿ. ಅದು ಇಷ್ಟು ವರ್ಷ ಕೆಡದೆ ಇರುವುದು ಹೇಗೆ? ಕೆಡದೆ ಏನಿಲ್ಲ. ಕೆಟ್ಟದ್ದನ್ನು ಸುಲಭವಾಗಿ ಬದಲಿಸುವಂತೆ ಅದನ್ನು ಮೊದಲೇ ಕಟ್ಟಿದ್ದಾರೆ. ಎಸ್‌ಡಿ40-2 ಕಟ್ಟಿದ್ದು ಇಎಂಡಿ, ಜನರಲ್ ಮೋಟರ್ಸ್‌ನ ರೈಲು ಎಂಜಿನ್ ವಿಭಾಗ. 1938ರಲ್ಲಿ ಅವರು 567 ಎಂಬ ಡೀಸೆಲ್ ಯಂತ್ರ ತಂದರು. ಒಂದು ಸಿಲಿಂಡರಿನ ಗಾತ್ರ 567 ಘನ ಇಂಚು, ಅಂದರೆ ಒಂಬತ್ತು ಲೀಟರಿಗೂ ಮಿಕ್ಕಿ, ಅದೇ ಅದರ ಹೆಸರು. ಅರವತ್ತರ ದಶಕದಲ್ಲಿ ಸಿಲಿಂಡರನ್ನು ಸ್ವಲ್ಪ ಅಗಲಮಾಡಿ 645 ಮಾಡಿದರು. ಎಸ್‌ಡಿ40-2ರ ಒಳಗಿರುವುದು ಅಂಥ ಹದಿನಾರು ಸಿಲಿಂಡರ್.

ಜಾಣತನ ಇರುವುದು ಸಿಲಿಂಡರ್ ಕೂರಿಸಿದ ಬಗೆಯಲ್ಲಿ. ಲೈನರ್, ಪಿಸ್ಟನ್, ಕನೆಕ್ಟಿಂಗ್ ರಾಡ್, ಮೇಲಿನ ಹೆಡ್ ಇಷ್ಟನ್ನೂ ಸೇರಿಸಿ 'ಪವರ್ ಅಸೆಂಬ್ಲಿ' ಎನ್ನುತ್ತಾರೆ. ಹದಿನಾರರಲ್ಲಿ ಒಂದು ಸಿಲಿಂಡರ್ ಕೆಟ್ಟರೆ ಇಡೀ ಯಂತ್ರ ಬಿಚ್ಚಬೇಕಾಗಿಲ್ಲ. ಮೇಲಿನ ಮುಚ್ಚಳ ತೆರೆದು, ಕ್ರೇನಿನಿಂದ ಆ ಒಂದು ಜೋಡಣೆಯನ್ನು ಮೇಲೆತ್ತಿ, ಸಿದ್ಧಮಾಡಿಟ್ಟ ಇನ್ನೊಂದನ್ನು ಅದೇ ಗುಳಿಗೆ ಇಳಿಸಿದರೆ ಮುಗಿಯಿತು. ಹೊಸ 645ರ ಈ ಜೋಡಣೆಗಳು ನಂತರದ ಮಾದರಿಯ 567 ಬ್ಲಾಕುಗಳಲ್ಲೂ ಕೂರುತ್ತವೆ. ಐವತ್ತರ ದಶಕದ ಜಿಪಿ9 ಎಂಜಿನ್ನಿಗೆ ಎಪ್ಪತ್ತರ ದಶಕದ ಪಿಸ್ಟನ್ ಹಾಕಿ ಓಡಿಸಬಹುದು ಎಂದರ್ಥ. ಎಸ್‌ಡಿ40-2 ಒಂದನ್ನೇ ಸುಮಾರು ನಾಲ್ಕು ಸಾವಿರದಷ್ಟು ಕಟ್ಟಿದ್ದರಿಂದ ಬಿಡಿಭಾಗಕ್ಕೆ ಬರವಿಲ್ಲ, ರಿಪೇರಿ ಬಲ್ಲ ಕೈಗಳಿಗೂ ಬರವಿಲ್ಲ. ಕಂಟ್ರೋಲ್ ವ್ಯವಸ್ಥೆಯೂ ಹಾಗೆಯೇ: ಸಿಕ್ಕಿಸಿ ತೆಗೆಯುವ ಸರ್ಕ್ಯೂಟ್ ಕಾರ್ಡುಗಳು. ಅನುಮಾನ ಬಂದ ಕಾರ್ಡ್ ತೆಗೆದು ಬೇರೆಯದು ಸಿಕ್ಕಿಸಿ ನೋಡುತ್ತಾರೆ. ಪಾಸ್‌ವರ್ಡ್ ಇಲ್ಲ, ಸಾಫ್ಟ್‌ವೇರ್ ಪರವಾನಗಿ ಇಲ್ಲ. ನಾಲ್ಕೈದು ಜನ ಮೆಕ್ಯಾನಿಕ್‌ಗಳಿರುವ ಪುಟ್ಟ ಶೆಡ್ಡಿಗೆ ಇದು ಎಷ್ಟು ದೊಡ್ಡ ಬಿಡುಗಡೆ ಎಂದು, ಸ್ವಂತ ಟ್ರ್ಯಾಕ್ಟರನ್ನು ತಾನೇ ಬಿಚ್ಚಿ ಕಟ್ಟಿದ ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ.

ಇನ್ನು ಆಲ್ಕೋ. ಈ ಹೆಸರು ಕೇಳಿದರೆ ನಮ್ಮ ಕಡೆಯ ರೈಲು ಪ್ರೀತಿಸುವವರ ಮುಖ ಅರಳುತ್ತದೆ, ಅದಕ್ಕೆ ಕಾರಣವಿದೆ. ಅರಸೀಕೆರೆಯಲ್ಲೋ ಹುಬ್ಬಳ್ಳಿಯಲ್ಲೋ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು, ಗಾಡಿ ಹೊರಟಾಗ ಎಂಜಿನ್ನಿನ ನೆತ್ತಿಯಿಂದ ಕರೀ ಹೊಗೆಯ ಕಂಬ ಏಳುವುದನ್ನು ನೋಡಿದ್ದರೆ, ನೀವು ಆಲ್ಕೋ ನೋಡಿದ್ದೀರಿ. ಭಾರತದ ಡಬ್ಲ್ಯುಡಿಎಂ-2 ಎಂಜಿನ್ ಆಲ್ಕೋದ ವಿನ್ಯಾಸ. 1962ರಲ್ಲಿ ಮೊದಲ ತಂಡ ಅಮೆರಿಕದಿಂದ ಹಡಗಿನಲ್ಲಿ ಬಂತು, 1964ರಿಂದ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ ಇಲ್ಲೇ ಕಟ್ಟತೊಡಗಿತು. ಅದರ ಹೃದಯ ಆಲ್ಕೋ 251 ಎಂಬ ಹದಿನಾರು ಸಿಲಿಂಡರಿನ ಯಂತ್ರ, 2,600 ಅಶ್ವಶಕ್ತಿ. ಸ್ಕ್ರ್ಯಾಂಟನ್ನಿನ ಬೆಟ್ಟಗಳಲ್ಲಿ ಇವತ್ತು ಗಾಡಿ ಎಳೆಯುತ್ತಿರುವ ಆಲ್ಕೋಗಳ ಒಳಗಿರುವುದೂ ಮುಖ್ಯವಾಗಿ ಅದೇ 251ರ ಸಂತತಿ. ಬೆಂಗಳೂರಿನ ಕೃಷ್ಣರಾಜಪುರ ಶೆಡ್ಡಿನಲ್ಲಿ ಕೈ ಪಳಗಿಸಿಕೊಂಡ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದು ಸ್ಕ್ರ್ಯಾಂಟನ್ ಶೆಡ್ಡಿನಲ್ಲಿ ನಿಲ್ಲಿಸಿದರೆ, ಯಂತ್ರದ ಬಾಗಿಲು ತೆರೆದ ಕೂಡಲೇ ಅವರಿಗೆ ಗುರುತು ಸಿಗುತ್ತದೆ.

ಆ ಹೊಗೆ ಯಾಕೆ ಬರುತ್ತದೆ ಎಂಬುದರಲ್ಲೇ ಎರಡು ಕಂಪನಿಗಳ ವ್ಯತ್ಯಾಸ ಅಡಗಿದೆ. ಇಎಂಡಿಯದು ಟೂ-ಸ್ಟ್ರೋಕ್, ಆಲ್ಕೋದು ಫೋರ್-ಸ್ಟ್ರೋಕ್. ಎರಡಕ್ಕೂ ಹೆಚ್ಚಿನ ಗಾಳಿ ತುಂಬಲು ಟರ್ಬೋ ಇದೆ. ಆಲ್ಕೋದಲ್ಲಿ ಟರ್ಬೋ ತಿರುಗುವುದು ಹೊರಹೋಗುವ ಬಿಸಿ ಅನಿಲದ ಬಲದಿಂದ ಮಾತ್ರ. ಡ್ರೈವರ್ ನಾಚ್ ಏರಿಸಿದ ಕೂಡಲೇ ಸಿಲಿಂಡರಿಗೆ ಡೀಸೆಲ್ ಹೆಚ್ಚುತ್ತದೆ. ಆದರೆ ಟರ್ಬೋ ಇನ್ನೂ ನಿಧಾನವಾಗಿ ಸುತ್ತುತ್ತಿರುತ್ತದೆ, ಗಾಳಿ ಸಾಲದು. ಗಾಳಿ ಸಾಲದ ಬೆಂಕಿ ಮಸಿ ಉಗುಳುತ್ತದೆ, ಒದ್ದೆ ಸೌದೆ ಇಟ್ಟ ಒಲೆಯ ಹಾಗೆ. ಕೆಲವು ಕ್ಷಣ ಕಳೆದು ಟರ್ಬೋ ವೇಗ ಹಿಡಿದ ಮೇಲೆ ಹೊಗೆ ತೆಳುವಾಗುತ್ತದೆ. ಇಎಂಡಿಯವರು ತಮ್ಮ ಟರ್ಬೋಗೆ ಗೇರು ಜೋಡಿಸಿದರು. ಅನಿಲದ ಬಲ ಸಾಲದಿದ್ದಾಗ ಯಂತ್ರವೇ ಟರ್ಬೋವನ್ನು ತಿರುಗಿಸುತ್ತದೆ. ಬಲ ಸಾಕಷ್ಟಾದ ಮೇಲೆ ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಹೊಗೆ ಕಡಿಮೆ, ಆದರೆ ಸಾಮಾನ್ಯವಾಗಿ ಡೀಸೆಲ್ ಖರ್ಚಿನಲ್ಲಿ ಫೋರ್-ಸ್ಟ್ರೋಕ್ ಆಲ್ಕೋದ ಕೈ ಮೇಲು.

ಇಷ್ಟು ಒಳ್ಳೇ ಯಂತ್ರ ಇಟ್ಟುಕೊಂಡೂ ಆಲ್ಕೋ ಮುಳುಗಿತು. 251ಕ್ಕೆ ಮುಂಚೆ ಅವಸರದಲ್ಲಿ ಮಾರುಕಟ್ಟೆಗೆ ಬಿಟ್ಟ 244 ಎಂಬ ಯಂತ್ರ ಗಿರಾಕಿಗಳನ್ನು ಬಹಳ ಕಾಡಿತು, ಹೋದ ಹೆಸರು ಮರಳಿ ಬರಲಿಲ್ಲ. ಆಲ್ಕೋಗೆ ವಿದ್ಯುತ್ ಭಾಗಗಳನ್ನು ಕೊಡುತ್ತಿದ್ದ ಜನರಲ್ ಎಲೆಕ್ಟ್ರಿಕ್ ತಾನೇ ಎಂಜಿನ್ ಕಟ್ಟಿ ಎದುರಾಳಿಯಾಯಿತು. ತವರು ಮುಚ್ಚಿದ ಮೇಲೂ ಕೆನಡಾದಲ್ಲಿ, ಭಾರತದಲ್ಲಿ 251 ಬೆಳೆಯಿತು. ವಾರಾಣಸಿಯಲ್ಲಿ ಅದನ್ನು 3,100, ಆಮೇಲೆ 3,300 ಅಶ್ವಶಕ್ತಿಗೆ ಏರಿಸಿದರು. ಅಪೊಲೊ ಕಾಲದಲ್ಲಿ ಚಂದ್ರಯಾನದ ಸ್ಯಾಟರ್ನ್ ರಾಕೆಟ್ಟನ್ನು ಉಡಾವಣಾ ಕಟ್ಟೆಗೆ ಹೊತ್ತೊಯ್ದ ನಾಸಾದ ದೈತ್ಯ ವಾಹನದಲ್ಲೂ ಇದ್ದದ್ದು ಎರಡು ಆಲ್ಕೋ 251. ಅರಸೀಕೆರೆಯ ಹೊಗೆಯೂ ಚಂದ್ರನ ದಾರಿಯೂ ಒಂದೇ ಯಂತ್ರದಲ್ಲಿ ಕೂಡಿದ್ದು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಇಎಂಡಿಯೂ ನಮಗೆ ದೂರದ್ದಲ್ಲ: 567, 645ರ ಮುಂದಿನ ತಲೆಮಾರು 710, ಅದನ್ನು ಹೊತ್ತ ಡಬ್ಲ್ಯುಡಿಜಿ-4 ಎಂಜಿನ್ ಭಾರತದಲ್ಲಿ ಮೊದಲು ಮನೆ ಮಾಡಿದ್ದು ಹುಬ್ಬಳ್ಳಿ ಶೆಡ್ಡಿನಲ್ಲಿ.

ಪೆನ್ಸಿಲ್ವೇನಿಯಾದ ಚಳಿ ಹಳೇ ಎಂಜಿನ್‌ಗಳಿಗೆ ನಮ್ಮಲ್ಲಿಲ್ಲದ ಒಂದು ಕಷ್ಟ ತರುತ್ತದೆ. ಕಾರಿನ ರೇಡಿಯೇಟರಿಗೆ ಹಾಕುವಂತೆ ಈ ಯಂತ್ರಗಳ ತಂಪು ನೀರಿಗೆ ಹೆಪ್ಪುಗಟ್ಟದ ದ್ರವ ಬೆರೆಸುವುದಿಲ್ಲ. ಹಳೇ ಸೀಲುಗಳಿಂದ ಅದು ಜಿನುಗಿ ಎಂಜಿನ್ ಆಯಿಲ್ಲಿಗೆ ಸೇರಿದರೆ ಬೇರಿಂಗುಗಳು ಹಾಳಾಗುತ್ತವೆ. ಇರುವುದು ಬರೀ ನೀರು, ತುಕ್ಕು ತಡೆಯುವ ರಾಸಾಯನಿಕ ಸೇರಿಸಿದ ನೀರು. ಅದು ಹೆಪ್ಪುಗಟ್ಟಿದರೆ ಬ್ಲಾಕ್ ಬಿರುಕು ಬಿಡುತ್ತದೆ. ಹಾಗಾಗಿ ಕೊರೆಯುವ ರಾತ್ರಿಗಳಲ್ಲಿ ಎರಡೇ ದಾರಿ: ಬೆಳಗಿನವರೆಗೂ ಎಂಜಿನ್ ಓಡುತ್ತಲೇ ಇರಬೇಕು, ಇಲ್ಲವೇ ನೀರನ್ನು ಪೂರ್ತಿ ಹರಿಸಿಬಿಡಬೇಕು. ನೀರಿಗೆ ಬಿಸಿ ಕೊಡುವ ಸಣ್ಣ ಸಹಾಯಕ ಎಂಜಿನ್‌ಗಳನ್ನು ಈಗೀಗ ಕೂರಿಸುತ್ತಾರೆ. ನಿಂತಿದ್ದ ಎಂಜಿನ್ನನ್ನು ಮತ್ತೆ ಶುರುಮಾಡುವುದಕ್ಕೂ ಕ್ರಮವಿದೆ. ಮೊದಲು ಪ್ರತಿ ಸಿಲಿಂಡರಿನ ಪುಟ್ಟ ಕಾಕ್ ತೆರೆದಿಟ್ಟು ಯಂತ್ರವನ್ನು ಸ್ವಲ್ಪ ಸುತ್ತಿಸುತ್ತಾರೆ. ಯಾವುದಾದರೂ ಕಾಕ್‌ನಿಂದ ನೀರು ಚಿಮ್ಮಿದರೆ ಅಲ್ಲೇ ನಿಲ್ಲಿಸಬೇಕು. ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಯಂತ್ರ ಹೊತ್ತಿದರೆ, ನೀರು ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡೇ ಬಗ್ಗುತ್ತದೆ.

ದುಡ್ಡಿನ ಮಾತು ಉದ್ದ ಬೇಡ. ಹೊಸ ಎಂಜಿನ್ ಎಂದರೆ ಹತ್ತಾರು ಲಕ್ಷ ಡಾಲರ್, ಹಳೆಯದು ಅದರ ಸಣ್ಣ ಪಾಲು. ದಿನಕ್ಕೆ ಐದಾರು ಗಂಟೆ ದುಡಿಯುವ ಎಂಜಿನ್ನಿಗೆ ಡೀಸೆಲ್ ಹೆಚ್ಚು ಹೋದರೂ ಸಾಲದ ಬಡ್ಡಿಯಷ್ಟಾಗುವುದಿಲ್ಲ. ಕಾನೂನೂ ದಾರಿ ಬಿಟ್ಟಿದೆ. 2015ರಿಂದ ಅಮೆರಿಕದಲ್ಲಿ ಕಟ್ಟುವ ಹೊಸ ಎಂಜಿನ್‌ಗಳಿಗೆ ಹೊಗೆಯ ನಿಯಮ ಬಹಳ ಬಿಗಿ, ಆದರೆ 1973ಕ್ಕೆ ಮುಂಚೆ ಕಟ್ಟಿದವು ಆ ನಿಯಮಗಳ ವ್ಯಾಪ್ತಿಗೇ ಬರಲಿಲ್ಲ. ಸಣ್ಣ ಕಂಪನಿಗಳ ಹಳೇ ಎಂಜಿನ್‌ಗಳಿಗೂ ಬಹುಮಟ್ಟಿಗೆ ರಿಯಾಯಿತಿ ಸಿಕ್ಕಿತು. ಇದನ್ನು ನಾನು ಸಂತೋಷದಿಂದ ಬರೆಯುತ್ತಿಲ್ಲ. ರಾತ್ರಿಯಿಡೀ ಓಡುತ್ತ ನಿಂತ ಎಂಜಿನ್ನಿನ ಪಕ್ಕದ ಬೀದಿಯಲ್ಲಿ ಮಲಗಿದ ಮಗು ಉಸಿರಾಡುವುದು ಅದೇ ಗಾಳಿಯನ್ನು. ಹಳೇ ಯಂತ್ರವನ್ನು ಪ್ರೀತಿಸುವವರು ಈ ಮಾತನ್ನು ಬಿಟ್ಟು ಮುಂದೆ ಹೋಗಬಾರದು. ಲಾರಿಗಳ ಸಾಲಿಗಿಂತ ಒಂದು ಗಾಡಿ ಮೇಲು ಎಂಬುದು ನಿಜ. ಹೊಗೆ ಹೊಗೆಯೇ ಎಂಬುದೂ ನಿಜ.

ಹಾಗಾದರೆ ಇಂಥ ಎಂಜಿನ್ ಸಾಯುವುದು ಯಾವಾಗ? ಪಿಸ್ಟನ್ ಸವೆದರೆ ಸಾಯುವುದಿಲ್ಲ, ಮೋಟರು ಸುಟ್ಟರೂ ಸಾಯುವುದಿಲ್ಲ, ಅವೆಲ್ಲ ಬದಲಾಗುತ್ತವೆ. ಐವತ್ತು ವರ್ಷದ ಬಿಸಿ, ಎಣ್ಣೆಗೆ ವಯರಿನ ಹೊದಿಕೆ ಪುಡಿಯಾಗಿ ಉದುರತೊಡಗಿ, ಎಲ್ಲೆಂದರಲ್ಲಿ ಕರೆಂಟು ಮೈಗೆ ಇಳಿಯತೊಡಗಿದಾಗ ಮೆಕ್ಯಾನಿಕ್‌ಗಳು ಸೋಲುತ್ತಾರೆ. ಬ್ಲಾಕ್ ಬಿರುಕು ಬಿಟ್ಟರೆ, ಕ್ರ್ಯಾಂಕ್‌ಶಾಫ್ಟ್ ಮುರಿದರೆ, ಸರಿಪಡಿಸುವ ಖರ್ಚಿಗೆ ಇನ್ನೊಂದು ಹಳೇ ಎಂಜಿನ್ನೇ ಬರುತ್ತದೆ. ಆಗ ಅದನ್ನು ಶೆಡ್ಡಿನ ಹಿಂದಿನ ಹಳಿಗೆ ತಳ್ಳುತ್ತಾರೆ. ಮೊದಲ ವಾರ ಅದರ ಟರ್ಬೋ ಹೋಗುತ್ತದೆ, ಆಮೇಲೆ ಒಳ್ಳೇ ಸ್ಥಿತಿಯಲ್ಲಿರುವ ಪವರ್ ಅಸೆಂಬ್ಲಿಗಳು ಒಂದೊಂದಾಗಿ, ಆಮೇಲೆ ಗಾಜು, ಸೀಟು, ಹಾರ್ನ್. ಚಕ್ರ, ಮೋಟರುಗಳನ್ನು ಹೊತ್ತ ತಳದ ಎರಡು ಚೌಕಟ್ಟುಗಳನ್ನು ಬೇರೊಂದು ಎಂಜಿನ್ನಿನ ಕೆಳಗೆ ಕೂರಿಸಿದ ಮೇಲೆ ಖಾಲಿ ಮೈ ಮರದ ದಿಮ್ಮಿಗಳ ಮೇಲೆ ನಿಂತಿರುತ್ತದೆ. ಮುಂದಿನ ಹಳಿಯಲ್ಲಿ ಕಲ್ಲಿದ್ದಲಿಗೆ ಹೊರಟ ಎಂಜಿನ್ನಿನ ಹದಿನಾರು ಸಿಲಿಂಡರುಗಳಲ್ಲಿ ಮೂರೋ ನಾಲ್ಕೋ ಅದರವು.